ಪಾಮಾರಿಯಿಂದ ಐವರ್‌ಮೆಕ್ಟಿನ್‌ವರೆಗೆ: ದಾವಣಗೆರೆ–ಹರಿಹರ ಸೀಮೆಯಲ್ಲಿ ಪ್ರಾಣಿಗಳ ಕಜ್ಜಿ ಮತ್ತು ಅದರ ಚಿಕಿತ್ಸೆ

ಕರ್ನಾಟಕದ ಪಶುಪಾಲನೆಯ ಚರಿತ್ರೆಯಲ್ಲಿ ದೊಡ್ಡರೋಗ, ನೆರಡಿ, ಚಪ್ಪೆರೋಗ, ಕಾಲುಬಾಯಿ ಬೇನೆಗಳಿಗೆ ದೊರೆತ ಸ್ಥಾನ ಕಜ್ಜಿಗೆ ದೊರೆತಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ದೊಡ್ಡರೋಗವು ಒಂದೇ ಹಂಗಾಮಿನಲ್ಲಿ ಊರಿನ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿತ್ತು. ಕಜ್ಜಿಯಾದರೋ ಪ್ರಾಣಿಯನ್ನು ತಿಂಗಳುಗಟ್ಟಲೆ ಕೆರೆಸಿ, ನಿದ್ದೆಗೆಡಿಸಿ, ಸೊರಗಿಸಿ, ಕಡೆಗೆ ಹಸಿವಿನದೋ ಚಳಿಯದೋ ಹೆಸರಿನಲ್ಲಿ ಕೊಲ್ಲುತ್ತದೆ. ಹೀಗೆ ಸತ್ತ ಪ್ರಾಣಿಯ ಲೆಕ್ಕ ಯಾವ ಸರ್ಕಾರಿ ವರದಿಯಲ್ಲಿಯೂ ಕಜ್ಜಿಯ ಖಾತೆಗೆ ಸೇರುವುದು ಅಪರೂಪ. ಆದರೆ ಕುರಿಯ ಉಣ್ಣೆಯನ್ನು ನಂಬಿ ಬೆಳೆದ ದಾವಣಗೆರೆಯಂತಹ ಊರಿಗೂ, ಮೂರು ಆಡಳಿತಗಳ ಗಡಿಯಲ್ಲಿ ಹೊಳೆಯ ದಂಡೆಯ ಮೇಲಿದ್ದ ಹರಿಹರಕ್ಕೂ ಈ ರೋಗ ಸಣ್ಣ ಸಂಗತಿಯಾಗಿರಲಾರದು. ಯಾವ ಪ್ರಾಣಿಗೆ ಮೊದಲು ಮದ್ದು ದೊರೆಯಿತು, ಯಾವುದಕ್ಕೆ ಕೊನೆಗೆ ದೊರೆಯಿತು, ಯಾವುದಕ್ಕೆ ಇನ್ನೂ ದೊರೆತಿಲ್ಲ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಸೀಮೆಯ ಜನ–ಪ್ರಾಣಿ ಸಂಬಂಧದ ಒಂದು ಮುಖ ಗೋಚರಿಸುತ್ತದೆ.

ಕನ್ನಡದಲ್ಲಿ ಕಜ್ಜಿ, ತುರಿ ಎಂಬ ಮಾತುಗಳು ರೋಗದ ಲಕ್ಷಣವನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಕಾರಣವಾದ ಜೀವಿಗೆ ಈಗ ನುಸಿ ಎಂಬ ಹೆಸರು ನೆಲೆಗೊಂಡಿದೆ. ಧಾನ್ಯಕ್ಕೆ ಬೀಳುವ ಸಣ್ಣ ಹುಳಕ್ಕೂ ನುಸಿ ಎನ್ನುವುದುಂಟು. 1990ರ ದಶಕದ ಕೊನೆಯಲ್ಲಿ ತೆಂಗಿನ ತೋಟಗಳಿಗೆ ನುಸಿ ಪೀಡೆ ತಗುಲಿದ ಮೇಲೆ ಈ ಪದ ಮನೆಮಾತಾಯಿತು. ನುಸಿ ಕೀಟವಲ್ಲ, ಉಣ್ಣಿ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಅದರಲ್ಲಿಯೂ ಹಲವು ಬಗೆಗಳಿವೆ. ಸಾರ್ಕಾಪ್ಟಿಸ್ ಎಂಬುದು ನಾಯಿ, ಹಂದಿ, ಮೇಕೆ, ನರಿ, ಮನುಷ್ಯರೆನ್ನದೆ ಅನೇಕರ ಚರ್ಮದೊಳಗೆ ಸುರಂಗ ಕೊರೆದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಕುರಿಯ ಉಣ್ಣೆ ಉದುರಿಸುವ ಸೊರಾಪ್ಟಿಸ್ ಚರ್ಮವನ್ನು ಕೊರೆಯದೆ ಮೇಲೆಯೇ ಬದುಕುತ್ತದೆ. ಮೊಲದ ಕಿವಿಯೊಳಗೆ ಹಕ್ಕಳೆ ಕಟ್ಟಿಸುವುದೂ ಇದರ ಬಳಗವೇ. ಬೆಕ್ಕಿನ ತಲೆ, ಕಿವಿಗಳಿಂದ ಆರಂಭವಾಗುವ ಕಜ್ಜಿಗೆ ನೋಟೋಯೆಡ್ರಿಸ್ ಕಾರಣ. ಡೆಮೋಡೆಕ್ಸ್ ನಾಯಿಯ ರೋಮದ ಬುಡದಲ್ಲಿ ಸದಾ ಇದ್ದು, ದೇಹದ ಪ್ರತಿರೋಧ ಕುಂದಿದಾಗ ಮಾತ್ರ ರೋಗವಾಗಿ ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಇವೆಲ್ಲವೂ ಕಜ್ಜಿಯೇ. ಒಂದಕ್ಕೆ ಗುಣ ಕೊಟ್ಟ ಮದ್ದು ಇನ್ನೊಂದಕ್ಕೆ ಕೊಡದಿರುವುದಕ್ಕೆ ಈ ಭೇದವೇ ಮೂಲ.

ಕಾರಣ ತಿಳಿಯುವ ಮೊದಲೇ ಮದ್ದು ತಿಳಿದಿತ್ತು ಎಂಬುದು ಈ ರೋಗದ ಚರಿತ್ರೆಯ ಸ್ವಾರಸ್ಯ. ಆಯುರ್ವೇದ ಗ್ರಂಥಗಳು ತುರಿಕೆಯುಳ್ಳ ಚರ್ಮರೋಗವೊಂದನ್ನು ಪಾಮಾ ಎಂದು ಕರೆದು ಕುಷ್ಠಗಳ ಸಾಲಿನಲ್ಲಿ ಎಣಿಸಿವೆ. ಗಂಧಕಕ್ಕೆ ಸಂಸ್ಕೃತದಲ್ಲಿರುವ ಹೆಸರುಗಳಲ್ಲಿ ಒಂದು 'ಪಾಮಾರಿ', ಅಂದರೆ ಪಾಮೆಯ ಶತ್ರು. ವಸ್ತುವಿನ ಹೆಸರೇ ಅದರ ಉಪಯೋಗವನ್ನು ಸಾರುವಷ್ಟು ಈ ತಿಳಿವಳಿಕೆ ರೂಢವಾಗಿತ್ತು. ಕನ್ನಡದಲ್ಲಿ ಪಶುವೈದ್ಯವನ್ನು ಕುರಿತ ಮೊದಲ ಗ್ರಂಥವೆಂದು ಪ್ರಸಿದ್ಧವಾದ 'ಗೋವೈದ್ಯ'ವನ್ನು ಬರೆದವನು 12ನೆಯ ಶತಮಾನದ ಆದಿಭಾಗದ ಕೀರ್ತಿವರ್ಮ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಸೋದರ. ಈ ಗ್ರಂಥದಲ್ಲಿ ಔಷಧದ ಜೊತೆಗೆ ಮಂತ್ರ–ಯಂತ್ರಗಳೂ ಬೆರೆತಿವೆಯೆಂಬ ಕಾರಣಕ್ಕೆ ಅದನ್ನು ಕೀಳಾಗಿ ಕಾಣುವುದು ತರವಲ್ಲ. ಅದೇ ಕಾಲದ ಯುರೋಪಿನ ಪಶುವೈದ್ಯವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಗಮನಿಸಬೇಕಾದುದು ಬೇರೆ. ಗೋವಿಗೆ ವೈದ್ಯಗ್ರಂಥ ಹುಟ್ಟಿತು, ಕುದುರೆಗೂ ಆನೆಗೂ ಹುಟ್ಟಿತು. ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ನಾಯಿಗೂ ಒಂದು ಪ್ರಕರಣ ಮೀಸಲಾಗಿದೆ, ಆದರೆ ಅದು ಅರಸರ ವಿನೋದಗಳ ಸಾಲಿನಲ್ಲಿ. ಉಪಯುಕ್ತತೆಯ ಮತ್ತು ಪ್ರತಿಷ್ಠೆಯ ಕ್ರಮದಲ್ಲಿಯೇ ಚಿಕಿತ್ಸೆಯ ಕ್ರಮವೂ ನಿರ್ಧಾರವಾಗಿತ್ತು.

ದಾವಣಗೆರೆಯ ಮಟ್ಟಿಗೆ ಈ ಕ್ರಮದಲ್ಲಿ ಅಗ್ರಸ್ಥಾನ ಕುರಿಯದು. ಹೈದರಾಲಿಯ ಕಾಲದಲ್ಲಿ ಈ ಊರು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ದೊರೆತು, ಅವನ ಪ್ರೋತ್ಸಾಹದಿಂದ ವರ್ತಕರು ಬಂದು ನೆಲೆಸಿದರು. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಂಬಳಿಯ ಉದ್ಯೋಗವನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಹತ್ತಿಯ ಗಿರಣಿಗಳು ಬರುವುದಕ್ಕೆ ಒಂದು ಶತಮಾನಕ್ಕೂ ಮೊದಲೇ ದಾವಣಗೆರೆಯ ಹೆಸರನ್ನು ಹೊರನಾಡಿಗೆ ಒಯ್ದದ್ದು ಕಂಬಳಿ. ಆ ಕಂಬಳಿಯ ಹಿಂದೆ ಬಳ್ಳಾರಿ ಮತ್ತು ದಖನಿ ತಳಿಯ ಕುರಿಗಳೂ, ಅವನ್ನು ಸಾಕುವ ಕುರುಬರೂ ಇದ್ದರು.

ಕುರಿಗೆ ಕಜ್ಜಿ ತಗುಲಿದರೆ ಮೊದಲು ಹಾಳಾಗುವುದು ಉಣ್ಣೆ. ತುರಿಕೆ ತಾಳಲಾರದೆ ಕುರಿ ಬೇಲಿಗೂ ಮರಕ್ಕೂ ಮೈಯುಜ್ಜುತ್ತದೆ, ತನ್ನ ಉಣ್ಣೆಯನ್ನು ತಾನೇ ಕಚ್ಚಿ ಕೀಳುತ್ತದೆ. ಉಳಿದದ್ದು ಹಕ್ಕಳೆಯೊಡನೆ ಅಂಟಿಕೊಂಡು ನೂಲಿಗೆ ಬಾರದಂತಾಗುತ್ತದೆ. ಆದ್ದರಿಂದ ಕುರುಬನಿಗೆ ಕಜ್ಜಿಯ ಚಿಕಿತ್ಸೆ ದಯೆಯ ಪ್ರಶ್ನೆಯಾಗಿರದೆ ಆದಾಯದ ಪ್ರಶ್ನೆಯಾಗಿತ್ತು. ಉಣ್ಣೆ ಕತ್ತರಿಸಿ, ಹಕ್ಕಳೆಯನ್ನು ನೆನೆಸಿ ತೆಗೆದು, ಹೊಂಗೆಯೆಣ್ಣೆಯಲ್ಲಿಯೋ ಬೇವಿನೆಣ್ಣೆಯಲ್ಲಿಯೋ ಗಂಧಕದ ಪುಡಿ ಕಲಸಿ ತಿಕ್ಕುವುದು ನಾಡಿನ ಕುರಿಗಾರರಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಇದನ್ನು ಇಂದಿನ ಜ್ಞಾನದಿಂದ ಪರಿಶೀಲಿಸಿದರೆ ಪ್ರತಿಯೊಂದು ಹಂತಕ್ಕೂ ಅರ್ಥವಿದೆ. ಉಣ್ಣೆ ತೆಗೆದರೆ ಮೇಲುಚರ್ಮದ ನುಸಿಗೆ ಆಸರೆ ತಪ್ಪುತ್ತದೆ. ಹಕ್ಕಳೆ ತೆಗೆದರೆ ಮದ್ದು ಒಳಗಿಳಿಯುತ್ತದೆ. ಎಣ್ಣೆ ನುಸಿಯ ಉಸಿರನ್ನು ಕಟ್ಟುತ್ತದೆ. ಗಂಧಕ ಚರ್ಮದ ಮೇಲೆ ನುಸಿಗೆ ವಿಷವಾಗಿ ಪರಿಣಮಿಸುತ್ತದೆ. ಕೊರತೆಯಿದ್ದದ್ದು ಮದ್ದಿನಲ್ಲಲ್ಲ, ಮಂದೆಯ ಜೀವನಕ್ರಮದಲ್ಲಿ. ರೊಪ್ಪದಲ್ಲಿ ನೂರಾರು ಕುರಿಗಳು ಮೈಗೆ ಮೈ ತಾಗಿಸಿ ಮಲಗುತ್ತವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವಾಗ ಒಂದು ಮಂದೆಯ ಜಾಗಕ್ಕೆ ಮತ್ತೊಂದು ಮಂದೆ ಬರುತ್ತದೆ. ಹತ್ತು ಕುರಿಗೆ ಮದ್ದು ಹಚ್ಚಿ ಉಳಿದವನ್ನು ಬಿಟ್ಟರೆ ರೋಗ ಮತ್ತೆ ಮರಳುತ್ತಿತ್ತು.

ಇಂಗ್ಲೆಂಡಿನಲ್ಲಿ ಇದೇ ಸಮಸ್ಯೆಗೆ ದೊರೆತ ಉತ್ತರ ಇಡೀ ಮಂದೆಯನ್ನು ಮದ್ದಿನ ತೊಟ್ಟಿಯಲ್ಲಿ ಮುಳುಗಿಸುವುದು. ವಿಲಿಯಂ ಕೂಪರ್ 1852ರಲ್ಲಿ ಶಂಖಪಾಷಾಣ ಮತ್ತು ಗಂಧಕ ಬೆರೆಸಿದ ಪುಡಿಯನ್ನು ಮಾರಾಟಕ್ಕೆ ತಂದ ಮೇಲೆ ಅದು ಕುರಿಗಳಿರುವ ದೇಶಗಳಿಗೆಲ್ಲ ಹರಡಿತು. ಮುಳುಗಿಸುವುದನ್ನು ಕಾನೂನಿನಿಂದ ಕಡ್ಡಾಯ ಮಾಡಿದ್ದರಿಂದ 1952ರ ವೇಳೆಗೆ ಬ್ರಿಟನ್ನಿನಲ್ಲಿ ಕುರಿಕಜ್ಜಿ ಇಲ್ಲವಾಯಿತು. 1973ರಲ್ಲಿ ಮತ್ತೆ ಬಂತು. ಇಂತಹ ಕಾನೂನು ಈ ಸೀಮೆಯಲ್ಲಿ ಸಾಧ್ಯವಿತ್ತೇ ಎಂದು ಕೇಳಿದರೆ ಹರಿಹರದ ಭೂಗೋಳವೇ ಉತ್ತರ ಹೇಳುತ್ತದೆ. ಹರಿಹರ ಮೈಸೂರು ಸಂಸ್ಥಾನದ ಅಂಚು. ತುಂಗಭದ್ರೆಯ ಆಚೆ ದಂಡೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹತ್ತಿರದ ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮಂದೆ ದಾಟಲು ಅಡ್ಡಿಯಿರಲಿಲ್ಲ. 1868ರಲ್ಲಿ ಸೇತುವೆ ಪೂರ್ಣಗೊಂಡ ಮೇಲೆ ವರ್ಷವಿಡೀ ದಾರಿ ತೆರೆಯಿತು. ಒಂದು ದಂಡೆಯ ಆಜ್ಞೆ ಇನ್ನೊಂದು ದಂಡೆಗೆ ಅನ್ವಯವಾಗುತ್ತಿರಲಿಲ್ಲ. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿ, 1956ರಲ್ಲಿ ಏಕೀಕರಣವಾಗುವವರೆಗೆ ಈ ಸ್ಥಿತಿ ಮುಂದುವರಿಯಿತು. ಏಕೀಕರಣದ ಲಾಭಗಳನ್ನು ಎಣಿಸುವವರು ಕುರಿಮಂದೆಯ ಆರೋಗ್ಯವನ್ನು ಎಣಿಸುವುದಿಲ್ಲ, ಎಣಿಸಬಹುದಾಗಿತ್ತು.

ಸರ್ಕಾರದ ಗಮನವೂ ಸಹಜವಾಗಿ ಹೆಚ್ಚು ಕೊಲ್ಲುವ ರೋಗಗಳ ಕಡೆಗೇ ಇತ್ತು. 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಮೈಸೂರು ಸೀರಂ ಸಂಸ್ಥೆಯ ಮುಖ್ಯ ಗುರಿ ದೊಡ್ಡರೋಗ. ಸೀರಮ್ಮಾಗಲಿ ಲಸಿಕೆಯಾಗಲಿ ಕಜ್ಜಿಗೆ ಉಪಯೋಗವಿಲ್ಲ. 1958ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಪ್ರಾರಂಭವಾಗುವವರೆಗೆ ರಾಜ್ಯದೊಳಗೆ ಪಶುವೈದ್ಯ ಪದವಿಗೆ ಅವಕಾಶವಿರಲಿಲ್ಲ. ದಾವಣಗೆರೆಗೆ ಸಮೀಪದ ಶಿವಮೊಗ್ಗದಲ್ಲಿ ಅಂತಹ ಕಾಲೇಜು ಬರಲು 2006ರವರೆಗೆ ಕಾಯಬೇಕಾಯಿತು. ಹೀಗಾಗಿ ಕಜ್ಜಿಯ ವೈದ್ಯ ಬಹುಕಾಲ ಕುರಿಗಾರನೇ.

ಈ ನಡುವೆ ಯುರೋಪಿನಲ್ಲಿ ರೋಗದ ಕಾರಣ ಕಣ್ಣಿಗೆ ಬಿದ್ದಿತ್ತು. ಇಟಲಿಯ ಬೊನೋಮೋ 1687ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಕಜ್ಜಿಯ ನುಸಿಯನ್ನು ಕಂಡು, ಅದೇ ರೋಗಕ್ಕೆ ಕಾರಣವೆಂದು ಬರೆದ. ಪಂಡಿತರು ನಂಬಲಿಲ್ಲ. ಕಜ್ಜಿ ರಕ್ತದೋಷದಿಂದ ಬರುತ್ತದೆಂಬ ನಂಬಿಕೆ ಮತ್ತೆ ಒಂದೂವರೆ ಶತಮಾನ ಉಳಿದು, 1834ರಲ್ಲಿ ರೆನೂಚಿ ಎಂಬ ಕಾರ್ಸಿಕಾದ ವಿದ್ಯಾರ್ಥಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಸೂಜಿಯ ಮೊನೆಯಿಂದ ನುಸಿಯನ್ನು ಎತ್ತಿ ತೋರಿಸಿದ ಮೇಲೆಯೇ ವಾದ ನಿಂತಿತು. ಅವನು ಆ ಕೈಚಳಕವನ್ನು ಕಲಿತದ್ದು ತನ್ನ ನಾಡಿನ ಬಡ ಹೆಂಗಸರಿಂದ. ಇನ್ನೊಂದು ಸಂಶೋಧನೆ ಕಂಬಳಿಯ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ಕಜ್ಜಿ ಹರಡುವುದು ಕಂಬಳಿಗಳಿಂದ ಎಂದು ಭಾವಿಸಿ ಅವನ್ನು ಬಿಸಿಹಬೆಯಲ್ಲಿ ಶುದ್ಧಿ ಮಾಡಿಸುತ್ತಿತ್ತು. ಕೆನೆತ್ ಮೆಲನ್‌ಬಿ ಷೆಫೀಲ್ಡ್ ನಗರದಲ್ಲಿ ಸ್ವಯಂಸೇವಕರನ್ನು ರೋಗಿಗಳ ಕಂಬಳಿ, ಬಟ್ಟೆಗಳಲ್ಲಿ ಮಲಗಿಸಿ ನೋಡಿದ. ಬಹುತೇಕ ಯಾರಿಗೂ ರೋಗ ತಗುಲಲಿಲ್ಲ. ರೋಗಿಯ ಮೈಯೊಡನೆ ನೇರ ಸಂಪರ್ಕವೇ ಮುಖ್ಯ ಕಾರಣವೆಂದು ಸಿದ್ಧವಾಯಿತು. ಮನುಷ್ಯರ ಕಜ್ಜಿಯ ಮಟ್ಟಿಗೆ ಕಂಬಳಿ ಹೀಗೆ ಆರೋಪದಿಂದ ಬಹುಪಾಲು ಮುಕ್ತವಾಯಿತು. ಕುರಿಯ ವಿಷಯ ಹಾಗಲ್ಲ: ಬೇಲಿಗೆ ಸಿಕ್ಕಿಕೊಂಡ ಉಣ್ಣೆಯಲ್ಲಿ ಸೊರಾಪ್ಟಿಸ್ ಹದಿನೈದು ದಿನಗಳವರೆಗೂ ಬದುಕಬಲ್ಲುದು.

ಸ್ವಾತಂತ್ರ್ಯಾನಂತರ ಹಳ್ಳಿಗೆ ಬಂದ ಹೊಸ ಮದ್ದು ಬಿ.ಎಚ್.ಸಿ. ಜನರ ಬಾಯಲ್ಲಿ ಇದು ಗಮಾಕ್ಸಿನ್. ಹೊಲದ ಹುಳಕ್ಕೆ ತಂದ ಪುಡಿಯನ್ನೇ ಎಮ್ಮೆಯ ಹೇನಿಗೂ ನಾಯಿಯ ಕಜ್ಜಿಗೂ ಎರಚುವುದು ರೂಢಿಯಾಯಿತು. ಗುಣ ಕಂಡದ್ದೂ ನಿಜ, ನೆಕ್ಕಿದ ನಾಯಿಗಳೂ ಬೆಕ್ಕುಗಳೂ ನಡುಕ ಬಂದು ಸತ್ತದ್ದೂ ನಿಜ. ಕೊಬ್ಬಿನಲ್ಲಿ ಶೇಖರವಾಗಿ ಹಾಲಿಗೂ ಇಳಿಯುವ ಈ ವಿಷವನ್ನು ಭಾರತ ಸರ್ಕಾರ 1997ರಲ್ಲಿ ನಿಷೇಧಿಸಿತು. ಅದರ ಶುದ್ಧರೂಪವಾದ ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ನುಸಿಯ ಹತ್ತಿರದ ಬಂಧುವಾದ ಉಣ್ಣಿಯ ಕಡೆಗೆ ವಿಜ್ಞಾನಿಗಳ ಗಮನ ತಿರುಗಿದ್ದು 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತಾಗ. ಮನುಷ್ಯರನ್ನು ಕೊಲ್ಲದ ನುಸಿಗೆ ಆ ಭಾಗ್ಯ ಬರಲಿಲ್ಲ.

ಚಿಕಿತ್ಸೆಯ ಚರಿತ್ರೆಯನ್ನು ಎರಡಾಗಿ ಒಡೆಯುವಂತಹ ಔಷಧ ಬಂದದ್ದು 1981ರಲ್ಲಿ. ಜಪಾನಿನ ಸತೋಷಿ ಓಮುರಾ ಕಡಲತೀರದ ಗಾಲ್ಫ್ ಮೈದಾನದ ಬಳಿಯ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದರಿಂದ ಅಮೆರಿಕದ ವಿಲಿಯಂ ಕ್ಯಾಂಬೆಲ್ ಮತ್ತು ಸಂಗಡಿಗರು ಐವರ್‌ಮೆಕ್ಟಿನ್ ಸಿದ್ಧಪಡಿಸಿದರು. ಇಬ್ಬರಿಗೂ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಚರ್ಮದಡಿಗೆ ಒಂದು ಚುಚ್ಚುಮದ್ದು ಕೊಟ್ಟರೆ ಹೊಟ್ಟೆಯ ಹುಳುವೂ ಮೈಮೇಲಿನ ನುಸಿಯೂ ಸಾಯುತ್ತವೆ ಎಂಬುದು ಅದುವರೆಗೆ ಕೇಳದ ಮಾತು. ತೊಟ್ಟಿ ಬೇಡ, ಎಣ್ಣೆ ಬೇಡ, ದಿನಗಟ್ಟಲೆ ತಿಕ್ಕುವ ಶ್ರಮವಿಲ್ಲ.

ಆದರೆ ಈ ಔಷಧದಿಂದಲೇ ಹೊಸದೊಂದು ತೊಡಕು ಹುಟ್ಟಿತು, ಅದು ಅಳತೆಯ ತೊಡಕು. ಶೇಕಡ 1ರ ದ್ರಾವಣ ತಯಾರಾದದ್ದು ದನಕರುಗಳಿಗಾಗಿ. ಅದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುತ್ತದೆ. ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಎಂಬ ಸಾಮಾನ್ಯ ಪ್ರಮಾಣದಲ್ಲಿ ಅದು 50 ಕಿಲೋ ತೂಕದ ಪ್ರಾಣಿಗೆ ಸಾಕು. ಒಂದು ಕಿಲೋ ತೂಕದ ಮೊಲಕ್ಕೆ ಬೇಕಾದದ್ದು 0.02 ಮಿಲಿಲೀಟರ್, ಅಂದರೆ ನೂರು ಗೆರೆಗಳ ಸಣ್ಣ ಸಿರಿಂಜಿನಲ್ಲಿ ಎರಡು ಗೆರೆ. ದನದ ಸಿರಿಂಜು ಹಿಡಿದ ಕೈಗೆ ಆ ಎರಡು ಗೆರೆ ಕಾಣುವುದೇ ಇಲ್ಲ. ಅಂದಾಜಿನಲ್ಲಿ ಒಂದು ಹನಿ ಎಂದು ಕೊಟ್ಟರೂ ಪ್ರಮಾಣ ಎರಡು ಮೂರು ಪಟ್ಟು ಮೀರುತ್ತದೆ. ದನಕ್ಕೆ ಅಂತಹ ವ್ಯತ್ಯಾಸ ಲೆಕ್ಕಕ್ಕಿಲ್ಲ, ಗಿನಿಯಿಲಿ ಮರಿಗೂ ಬೆಕ್ಕಿನ ಮರಿಗೂ ಇದೆ. ಕಾಲಿ ಮೊದಲಾದ ವಿದೇಶಿ ಕುರಿಕಾಯುವ ತಳಿಯ ಅನೇಕ ನಾಯಿಗಳಲ್ಲಿ ಈ ಔಷಧ ಮಿದುಳಿಗೆ ನುಗ್ಗದಂತೆ ತಡೆಯುವ ವಂಶವಾಹಿಯೇ ದೋಷಯುಕ್ತವಾಗಿದೆಯೆಂದು 2001ರಲ್ಲಿ ತಿಳಿದುಬಂತು. ಆಮೆಗಂತೂ ಇದು ವಿಷವೇ. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದೇ ಅಪರಾಧವಾಗಿರುವುದರಿಂದ ಆ ಪ್ರಶ್ನೆ ಉದ್ಭವಿಸಬಾರದು, ಉದ್ಭವಿಸುತ್ತದೆ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಾವಣಗೆರೆ ಗಿರಣಿಗಳ ಊರಿನಿಂದ ಕಾಲೇಜುಗಳ ಊರಾಗಿ ಮಾರ್ಪಟ್ಟು, 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಹೊಸ ಬಡಾವಣೆಗಳ ಮನೆಗಳಲ್ಲಿ ಪಮೇರಿಯನ್ ನಾಯಿ, ಬಿಳಿಮೊಲ, ಪರ್ಷಿಯನ್ ಬೆಕ್ಕುಗಳು ಕಾಣತೊಡಗಿದವು. ಇವುಗಳಿಂದ ಉಣ್ಣೆಯಿಲ್ಲ, ಹಾಲಿಲ್ಲ, ಗೊಬ್ಬರವಿಲ್ಲ. ಆದರೂ ಇವಕ್ಕೆ ಕಜ್ಜಿಯಾದರೆ ಮನೆಯವರು ವೈದ್ಯರನ್ನು ಹುಡುಕಿದರು. ಸಣ್ಣ ಪ್ರಾಣಿ ರೋಗಿಯ ಸ್ಥಾನ ಪಡೆದದ್ದು ಹೀಗೆ. ತೊಂದರೆಯೆಂದರೆ ಮನೆಯಲ್ಲಿ ಸಿದ್ಧವಿದ್ದ ಮದ್ದುಗಳು ಮನುಷ್ಯರವು, ದನದವು ಅಥವಾ ನಾಯಿಯವು. ಮನುಷ್ಯರ ಕಜ್ಜಿಗೆ ಹಚ್ಚುವ ಬೆಂಜೈಲ್ ಬೆಂಜೋಯೇಟ್ ಬೆಕ್ಕಿಗೆ ವಿಷ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕರಗದೆ ನಡುಕ ಹುಟ್ಟಿಸಿ ಕೊಲ್ಲಬಲ್ಲುದು. ನಾಯಿಯ ಡೆಮೋಡೆಕ್ಸಿಗೆ ಬಹುಕಾಲ ಆಧಾರವಾಗಿದ್ದ ಅಮಿಟ್ರಾಜ್ ಬೆಕ್ಕಿಗೂ ಮೊಲಕ್ಕೂ ಹೊಂದುವುದಿಲ್ಲ. ಎರಡನೆಯ ತಪ್ಪು ಅರ್ಧ ಚಿಕಿತ್ಸೆ. ಐವರ್‌ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹದಿನಾಲ್ಕು ದಿನದ ಆಸುಪಾಸಿನಲ್ಲಿ ಮತ್ತೆ ಕೊಡದಿದ್ದರೆ ಮೊಟ್ಟೆಯೊಡೆದು ಬಂದವು ಬೆಳೆದು ರೋಗ ಮರುಕಳಿಸುತ್ತದೆ. ಮೊದಲ ಚುಚ್ಚುಮದ್ದಿಗೇ ತುರಿಕೆ ಇಳಿದದ್ದನ್ನು ಕಂಡು ಎರಡನೆಯದಕ್ಕೆ ಬಾರದಿರುವುದು ರೈತನೂ ನಗರವಾಸಿಯೂ ಸಮಾನವಾಗಿ ಮಾಡುವ ತಪ್ಪು. 2013ರ ನಂತರ ಬಂದ ಐಸಾಕ್ಸಜೋಲಿನ್ ಗುಂಪಿನ ಮಾತ್ರೆಗಳು, ಒಂದಕ್ಕೇ ಒಂದರಿಂದ ಮೂರು ತಿಂಗಳು ನುಸಿ–ಉಣ್ಣಿಗಳನ್ನು ತಡೆಯುವುದರಿಂದ, ನಾಯಿಗಳ ಮಟ್ಟಿಗೆ ಈ ಮರೆವನ್ನು ಬಹಳಷ್ಟು ತುಂಬಿಕೊಟ್ಟಿವೆ. ಬೆಲೆ ಮಾತ್ರ ಕುರಿಗಾರನ ಕೈಗೆಟುಕುವಂತಹದಲ್ಲ.

ಕುರಿಗಾರನ ನಾಯಿಯ ಸ್ಥಿತಿ ವಿಚಿತ್ರವಾದುದು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ, ಹೊಳೆಯ ಕೆಳಹರಿವಿನ ಮೈಲಾರದಲ್ಲಿ ಗೊರವರು ನಾಯಿಯಂತೆ ಬೊಗಳಿ, ನಾಯಿಯಂತೆ ಉಂಡು ಮೈಲಾರಲಿಂಗನ ಸೇವೆ ಸಲ್ಲಿಸುತ್ತಾರೆ. ಆಚರಣೆಯಲ್ಲಿ ನಾಯಿಗೆ ಇಷ್ಟು ಗೌರವವುಳ್ಳ ಸೀಮೆಯಲ್ಲಿಯೇ 'ಕಜ್ಜಿ ನಾಯಿ' ಎಂಬುದು ಬೈಗುಳ. ಮಂದೆಗೆ ಮದ್ದು ಹಾಕುವ ದಿನ ನಾಯಿಯನ್ನು ಮರೆಯುವುದು ಸಾಮಾನ್ಯ. ನಗರದ ಬೀದಿನಾಯಿಗಂತೂ ಒಡೆಯನೇ ಇಲ್ಲ. 2001ರ ಮತ್ತು 2023ರ ಸಂತಾನನಿಯಂತ್ರಣ ನಿಯಮಗಳ ದೃಷ್ಟಿ ಮುಖ್ಯವಾಗಿ ಶಸ್ತ್ರಚಿಕಿತ್ಸೆ ಮತ್ತು ಹುಚ್ಚುನಾಯಿ ರೋಗದ ಲಸಿಕೆಯ ಮೇಲಿದೆ.

ಈ ಮರೆತ ನಾಯಿಯ ಮೂಲಕವೇ ರೋಗ ಕಾಡಿನ ಅಂಚನ್ನು ಮುಟ್ಟುತ್ತದೆ. ಹರಿಹರದಿಂದ ಹೊಳೆ ದಾಟಿದರೆ 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ; ಇತ್ತ ಜಗಳೂರು ತಾಲ್ಲೂಕಿನಲ್ಲಿ 2011ರ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ. ಎರಡೂ ದಟ್ಟಡವಿಗಳಲ್ಲ, ಹುಲ್ಲು ಮತ್ತು ಕುರುಚಲಿನ ನೆಲ. ಸುತ್ತಲೂ ಕುರಿ ಮೇಯುವ ಬಯಲು. ನಾಯಿಯ ಸಾರ್ಕಾಪ್ಟಿಸ್ ನರಿ, ಗುಳ್ಳೆನರಿ, ತೋಳಗಳಿಗೂ ಹತ್ತುತ್ತದೆ. ಹೊರದೇಶಗಳ ಅನುಭವ ಎಚ್ಚರಿಕೆ ಕೊಡುವಂತಿದೆ. 1987ರಿಂದ ಸ್ಪೇನಿನ ಕಾಸೋರ್ಲಾ ಬೆಟ್ಟಗಳಲ್ಲಿ ಕಜ್ಜಿ ಹರಡಿ ಅಲ್ಲಿಯ ಕಾಡುಮೇಕೆಗಳ ಬಹುಭಾಗ ನಾಶವಾಯಿತು. ಸ್ವೀಡನ್ನಿನಲ್ಲಿ 1970ರ ದಶಕದಿಂದ ಕೆಂಪುನರಿಗಳು ಎಷ್ಟು ಸತ್ತುವೆಂದರೆ ಅವುಗಳ ಬೇಟೆಯಾದ ಮೊಲಗಳ ಸಂಖ್ಯೆ ಏರಿತು.

ಕಾಡುಪ್ರಾಣಿಯ ಚಿಕಿತ್ಸೆಗೆ ಮದ್ದಿನ ಅಭಾವವಿಲ್ಲ; ಪ್ರಾಣಿಯನ್ನು ತಲುಪುವ ದಾರಿಯ ಅಭಾವವಿದೆ. ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯದಂತಹ ಕಡೆ ಪ್ರಾಣಿಯನ್ನು ಬೇರ್ಪಡಿಸಿ, ತೂಕ ನೋಡಿ, ಆಹಾರದಲ್ಲಿ ಔಷಧ ಕೊಟ್ಟು, ಹದಿನಾಲ್ಕನೆಯ ದಿನ ಮತ್ತೆ ಕೊಡಲು ಸಾಧ್ಯ. ಬಯಲಿನ ನರಿಯನ್ನು ಒಮ್ಮೆ ಹಿಡಿಯುವುದೇ ಕಷ್ಟ, ಅದೇ ನರಿಯನ್ನು ಎರಡನೆಯ ಸಲ ಹಿಡಿಯುವುದು ಬಹುತೇಕ ಅಸಾಧ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಸೆರೆಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುವುದರಿಂದ ದಯಾಪರನಾದ ಗ್ರಾಮಸ್ಥನು ಕಜ್ಜಿ ಹಿಡಿದ ನರಿಯನ್ನು ಬಲೆಗೆ ಬೀಳಿಸುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಬೇಕು. ಔಷಧ ಬೆರೆಸಿದ ಮಾಂಸವನ್ನು ಬಯಲಿನಲ್ಲಿ ಇಡುವುದು ಇನ್ನೂ ಅಪಾಯಕರ: ಯಾವ ಪ್ರಾಣಿ ಎಷ್ಟು ತಿಂದಿತೆಂಬುದು ತಿಳಿಯದು. ಆಸ್ಟ್ರೇಲಿಯಾದಲ್ಲಿ ವೊಂಬ್ಯಾಟ್ ಎಂಬ ಬಿಲವಾಸಿ ಪ್ರಾಣಿಗೆ ಬಿಲದ ಬಾಯಿಗೆ ತೂಗುಬಾಗಿಲು ಕಟ್ಟಿ, ಅದು ಹೊರಬರುವಾಗ ಬೆನ್ನಿನ ಮೇಲೆ ಔಷಧ ಸುರಿಯುವಂತೆ ಮಾಡಿದ್ದಾರೆ. ವಾರವಾರವೂ ತಿಂಗಳುಗಟ್ಟಲೆ ಅದನ್ನು ತುಂಬುವ ಸ್ವಯಂಸೇವಕರು ಅಲ್ಲಿದ್ದಾರೆ. ತುಂಗಭದ್ರೆಯ ಎರಡೂ ದಂಡೆಗಳ ಬಯಲಿನಲ್ಲಿ ಕೈಗೆ ಸಿಗುವ ಪ್ರಾಣಿಯೆಂದರೆ ರೊಪ್ಪದ ಬಾಗಿಲಲ್ಲಿ ಮಲಗಿರುವ ಕುರಿಗಾರನ ನಾಯಿ. ಅದರ ತೂಕ ಅಳೆಯಬಹುದು, ಎರಡನೆಯ ವಾರದ ಚುಚ್ಚುಮದ್ದಿಗೆ ಅದು ಅಲ್ಲಿಯೇ ಇರುತ್ತದೆ, ಮಂದೆಗೆ ಮದ್ದು ಹಾಕಲು ಬಂದ ಪಶುವೈದ್ಯರ ಚೀಲದಲ್ಲಿ ಅದಕ್ಕೆ ಬೇಕಾದಷ್ಟು ಔಷಧವೂ ಇರುತ್ತದೆ.